ಓದುವವರಿಲ್ಲದ ಲಿಪಿ: ವಾರ್ಹಾಲ್‌ನ ಅಮಿಗಾ ಚಿತ್ರಗಳ ಪುನರುದ್ಧಾರ

ಪ್ರಾಚೀನ ಕೃತಿಯೊಂದು ಲುಪ್ತವಾಗಲು ಅದನ್ನು ಹೊತ್ತ ಓಲೆಗೆ ಹುಳು ಹಿಡಿಯಲೇಬೇಕೆಂದಿಲ್ಲ. ಅದರ ಲಿಪಿಯನ್ನು ಓದಬಲ್ಲವರು ಇಲ್ಲವಾದರೂ ಸಾಕು. ಹಸ್ತಪ್ರತಿಗಳ ಅಧ್ಯಯನದಲ್ಲಿ ಸುಪರಿಚಿತವಾದ ಈ ಸಂಗತಿ ಕಂಪ್ಯೂಟರಿನಲ್ಲಿ ರಚಿತವಾದ ಚಿತ್ರಕಲೆಗೂ ಅನ್ವಯಿಸುತ್ತದೆ. ಲಿಪಿಗಳು ಮರೆತುಹೋಗಲು ಶತಮಾನಗಳು ಬೇಕಾಗುತ್ತಿದ್ದವು. ಇಲ್ಲಿ ಮೂರು ದಶಕಗಳೂ ಬೇಕಾಗಲಿಲ್ಲ. ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್‌ನ (1928–1987) ಅಮಿಗಾ ಚಿತ್ರಗಳ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ.

1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಕಮಡೋರ್ ಸಂಸ್ಥೆಯು ತನ್ನ ಅಮಿಗಾ 1000 ಕಂಪ್ಯೂಟರನ್ನು ಲೋಕಕ್ಕೆ ಪರಿಚಯಿಸಿತು. ಅಂದು ವಾರ್ಹಾಲ್ ಸಭಿಕರೆದುರಿನಲ್ಲಿಯೇ ಗಾಯಕಿ ಡೆಬ್ಬಿ ಹ್ಯಾರಿಯ ಭಾವಚಿತ್ರಕ್ಕೆ ಆ ಯಂತ್ರದಲ್ಲಿ ಬಣ್ಣ ತುಂಬಿದನು. ಬಳಿಕವೂ ಆತ ಅಮಿಗಾದಲ್ಲಿ ಪ್ರಯೋಗಗಳನ್ನು ನಡೆಸಿದನು. 1987ರಲ್ಲಿ ಕಲಾವಿದ ತೀರಿಕೊಂಡನು; 1994ರಲ್ಲಿ ಕಮಡೋರ್ ಸಂಸ್ಥೆಯೂ ದಿವಾಳಿಯಾಯಿತು. ಆತ ಬಳಸಿದ ಫ್ಲಾಪಿಗಳು ಪಿಟ್ಸ್‌ಬರ್ಗಿನ ವಾರ್ಹಾಲ್ ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿ ಉಳಿದವು. ಆದರೆ ಅವುಗಳಲ್ಲಿ ಏನಿದೆಯೆಂಬುದು ಯಾರಿಗೂ ತಿಳಿದಿರಲಿಲ್ಲ.

2011ರಲ್ಲಿ ಕಲಾವಿದ ಕೋರಿ ಆರ್ಕೇಂಜೆಲ್ ಅವರು ಆ ಬಿಡುಗಡೆ ಸಮಾರಂಭದ ಹಳೆಯ ದೃಶ್ಯಮುದ್ರಿಕೆಯನ್ನು ನೋಡಿ ಸಂಗ್ರಹಾಲಯವನ್ನು ಸಂಪರ್ಕಿಸಿದರು. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನ ಸದಸ್ಯರು ಉದ್ಧಾರಕಾರ್ಯವನ್ನು ಕೈಗೆತ್ತಿಕೊಂಡರು. ಅವರೆದುರು ಮೂರು ಹಂತಗಳ ತೊಡಕಿತ್ತು.

ಮೊದಲನೆಯದು ಆಧಾರದ್ರವ್ಯದ್ದು. ಹಳೆಯ ಫ್ಲಾಪಿಯ ಕಾಂತೀಯ ಲೇಪನವು ಓದುವ ಕ್ರಿಯೆಯಿಂದಲೇ ಹಾನಿಗೊಳ್ಳಬಹುದು; ಜೊತೆಗೆ ಅಮಿಗಾದ ಬರವಣಿಗೆಯ ಕ್ರಮ ಸಾಮಾನ್ಯ ಪಿಸಿಗೆ ಅರ್ಥವಾಗದು. ಆದುದರಿಂದ ಕ್ರಯೋಫ್ಲಕ್ಸ್ ಎಂಬ ಸಾಧನದ ಮೂಲಕ ಅಕ್ಷರಾಂಕಗಳನ್ನಲ್ಲ, ತಟ್ಟೆಯ ಮೇಲಿನ ಕಾಂತೀಯ ಬದಲಾವಣೆಗಳನ್ನೇ ಇದ್ದಂತೆ ಪ್ರತಿಮಾಡಿಕೊಳ್ಳಲಾಯಿತು. ಪ್ರತಿಯ ಅಚ್ಚು ಮೊದಲು, ಪಾಠನಿರ್ಣಯ ಆಮೇಲೆ ಎಂಬ ಸಂಪಾದಕನ ವಿವೇಕ ಇಲ್ಲಿಯೂ ಕಾಣುತ್ತದೆ.

ಎರಡನೆಯದು ಗುರುತಿಸುವಿಕೆಯದು. ಬಹುತೇಕ ತಟ್ಟೆಗಳು ಮೇಲ್ನೋಟಕ್ಕೆ ತಂತ್ರಾಂಶದ ತಟ್ಟೆಗಳಾಗಿದ್ದವು. ಅವುಗಳ ಮೇಲೆಯೇ ವಾರ್ಹಾಲ್ ತನ್ನ ಕೆಲಸವನ್ನೂ ಉಳಿಸಿದ್ದನು. 'ಕ್ಯಾಂಪ್‌ಬೆಲ್ಸ್', 'ಮೆರಿಲಿನ್1' ಎಂಬ ಕಡತನಾಮಗಳು ಕಂಡಾಗ ಸಂತೋಷವಾಯಿತು. ಆದರೆ ಆ ಕಡತಗಳ ವಿನ್ಯಾಸವನ್ನು ಅಂದು ಲಭ್ಯವಿದ್ದ ಯಾವ ತಂತ್ರಾಂಶವೂ ಗುರುತಿಸಲಿಲ್ಲ.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು, ಅರ್ಥೈಸುವಿಕೆಯದು. ಅಮಿಗಾದ 320×200 ಬಿಂದುಗಳ, 32 ಬಣ್ಣಗಳ ಚಿತ್ರದಲ್ಲಿ ಬಿಂದುವಿನ ಬಣ್ಣ ಒಂದೆಡೆ ಇರುವುದಿಲ್ಲ. ಸ್ಮೃತಿಯ ಐದು ಪದರಗಳಲ್ಲಿ ಹಂಚಿಹೋದ ಐದು ಅಂಕೆಗಳು ಕೂಡಿದಾಗ ಒಂದು ಸಂಖ್ಯೆ ದೊರೆಯುತ್ತದೆ. ಅದೂ ಬಣ್ಣವಲ್ಲ, 4096 ಬಣ್ಣಗಳಿಂದ ಆಯ್ದ 32ರ ಪಟ್ಟಿಯಲ್ಲಿ ಅದೊಂದು ಕ್ರಮಾಂಕ ಮಾತ್ರ. ಪದರಗಳ ಜೋಡಣೆ ತಪ್ಪಿದರೆ ಆಕೃತಿ ಚೂರಾಗುತ್ತದೆ. ವರ್ಣಪಟ್ಟಿ ತಪ್ಪಿದರೆ ಆಕೃತಿ ಉಳಿದರೂ ಬಣ್ಣ ಸುಳ್ಳಾಗುತ್ತದೆ. ಬಣ್ಣದ ಆಯ್ಕೆಯೇ ಅಭಿವ್ಯಕ್ತಿಯಾಗಿದ್ದ ವಾರ್ಹಾಲ್‌ನಂಥವನ ವಿಷಯದಲ್ಲಿ ಇದು ಅಕ್ಷರದೋಷವಲ್ಲ, ಅರ್ಥದೋಷ.

ಕ್ಲಬ್ಬಿನವರು ಆ ಅಜ್ಞಾತ ವಿನ್ಯಾಸವನ್ನು ಬಿಡಿಸಿದರು. ಹೊರಬಂದ 28 ಚಿತ್ರಗಳಲ್ಲಿ 11ರಲ್ಲಿ ವಾರ್ಹಾಲ್‌ನ ಸಹಿಯಿತ್ತು. ಸೂಪಿನ ಡಬ್ಬಿ, ಮೂರು ಕಣ್ಣಿನ ಬೊಟಿಚೆಲ್ಲಿಯ ವೀನಸ್, ಸ್ವಂತ ಭಾವಚಿತ್ರ ಇವೆಲ್ಲ ಅವುಗಳಲ್ಲಿದ್ದವು. 2014ರ ಏಪ್ರಿಲಿನಲ್ಲಿ ಈ ಶೋಧ ಪ್ರಕಟವಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2021ರ ಮೇ ತಿಂಗಳಿನಲ್ಲಿ ಇವುಗಳ ಪೈಕಿ ಐದು ಚಿತ್ರಗಳು ಎನ್‌ಎಫ್‌ಟಿ ರೂಪದಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಒಟ್ಟು 33 ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಮಾರಾಟವಾದವು. ಆದರೆ ಹರಾಜಿಗೆ ಬಂದ ಕಡತಗಳ ಗಾತ್ರ 4500×6000 ಬಿಂದುಗಳು. ವಾರ್ಹಾಲ್‌ನ ಕೈಯಿಂದ ಬಂದ 64,000 ಬಿಂದುಗಳು ಎರಡು ಕೋಟಿ ಎಪ್ಪತ್ತು ಲಕ್ಷವಾಗಿದ್ದವು! ಇವು ಮೂಲಕೃತಿಗಳೇ ಎಂಬ ಆಕ್ಷೇಪಣೆ ಆಗಲೇ ಕೇಳಿಬಂದಿತು. ಆಕ್ಷೇಪಣೆ ನಿರಾಧಾರವಲ್ಲ. ಪ್ರತಿಯನ್ನು ದೊಡ್ಡದು ಮಾಡಿ ತೋರಿಸುವುದು ತಪ್ಪಲ್ಲ. ಲಿಪ್ಯಂತರವನ್ನು ಮೂಲವೆಂದು ಕರೆಯುವುದು ತಪ್ಪು. ಓದಲು ಅನುಕೂಲವಾಗಲೆಂದು ತಿದ್ದಿದ ಪಾಠವನ್ನು ಕವಿಪಾಠವೆಂದು ಸಾರುವ ಸಂಪಾದಕನಿಗೂ ಇದಕ್ಕೂ ಭೇದವಿಲ್ಲ.

ಹಾಗಾದರೆ ಮೂಲವೆಲ್ಲಿದೆ? ಫ್ಲಾಪಿ ಒಂದು ದಿನ ಅಳಿಯುತ್ತದೆ. ಕಡತವು ಅದನ್ನು ಓದುವ ತಂತ್ರಾಂಶವಿಲ್ಲದೆ ಮೂಕವಾಗಿದೆ. ತೆರೆಯ ಮೇಲೆ ಕಾಣುವುದು ಇವೆರಡರ ಸಂಯೋಗದಿಂದ ಪ್ರತಿಸಲವೂ ಹೊಸದಾಗಿ ಹುಟ್ಟುವ ಬಿಂಬ. ಆದುದರಿಂದ ಇಂಥ ಕೃತಿಯ ರಕ್ಷಣೆಯೆಂದರೆ ಕಾಂತೀಯ ಪ್ರತಿ, ಮೂಲಕಡತ, ಅದರ ವಿನ್ಯಾಸದ ವಿವರಣೆ ಮತ್ತು ಅದನ್ನು ನಡೆಸುವ ಯಂತ್ರದ ಅನುಕರಣೆ, ಈ ನಾಲ್ಕನ್ನೂ ಒಟ್ಟಿಗೆ ಉಳಿಸುವುದು. ಇವುಗಳಲ್ಲಿ ಒಂದು ಕಳೆದರೂ ಉಳಿದವುಗಳಿಗೆ ಊಹೆಯೇ ಗತಿ.

ವಾರ್ಹಾಲ್ ಚಿತ್ರಕಲೆಯನ್ನು ಅಭ್ಯಸಿಸಿ 1949ರಲ್ಲಿ ಪದವಿ ಪಡೆದದ್ದು ಪಿಟ್ಸ್‌ಬರ್ಗಿನ ಕಾರ್ನೆಗೀ ತಾಂತ್ರಿಕ ಸಂಸ್ಥೆಯಲ್ಲಿ. ಮುಂದೆ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯವಾದುದು ಆ ಸಂಸ್ಥೆಯೇ. ಹಳೆಯ ವಿದ್ಯಾರ್ಥಿಯು ಬಿಟ್ಟುಹೋದ ಮೂಕಕಡತಗಳಿಗೆ ಅದೇ ವಿದ್ಯಾಸಂಸ್ಥೆಯ ಕ್ಲಬ್ಬಿನವರು ಓದುಗರಾಗಿ ಒದಗಿದರು. ಕೃತಿಯು ಬಾಳುವುದು ಭಂಡಾರದ ಬೀಗದಿಂದಲ್ಲ, ಓದಬಲ್ಲವರ ಪರಂಪರೆಯಿಂದ.