ರಾಥಮ್‌ಸ್ಟೆಡ್ಡಿನ ಹುಲ್ಲುಗಾವಲು
ಇಂಗ್ಲೆಂಡಿನ ಶ್ರೀಮಂತರ ಉದ್ಯಾನಗಳಿಗೆ ಮೀಸಲಾಗಿದ್ದ ಹುಲ್ಲುಹಾಸು, 1830ರಲ್ಲಿ ಎಡ್ವಿನ್ ಬಡಿಂಗನು ಕತ್ತರಿಸುವ ಯಂತ್ರವನ್ನು ನಿರ್ಮಿಸಿದ ಬಳಿಕ ಮಧ್ಯಮವರ್ಗದವರ ಅಂಗಳಕ್ಕೂ ಇಳಿದುಬಂದಿತು. ಆದರೆ ಕೊಯ್ದಷ್ಟೂ ಸತ್ತ್ವಗುಂದುವ ನೆಲಕ್ಕೆ ಏನನ್ನು ಉಣಿಸಬೇಕೆಂಬ ಪ್ರಶ್ನೆಯು ಆಳವಾದ ಪರೀಕ್ಷೆಗೊಳಗಾದದ್ದು ಉದ್ಯಾನದಲ್ಲಲ್ಲ, ಒಣಹುಲ್ಲು ಬೆಳೆಯುವ ಗಾವಲಿನಲ್ಲಿ. ಹರ್ಟ್‌ಫರ್ಡ್‌ಷೈರಿನ ರಾಥಮ್‌ಸ್ಟೆಡ್ಡಿನಲ್ಲಿ, 1842ರಲ್ಲಿಯೇ ಸೂಪರ್‌ಫಾಸ್ಫೇಟಿನ ಹಕ್ಕುಪತ್ರ ಪಡೆದಿದ್ದ ಜಾನ್ ಬೆನೆಟ್ ಲಾಸನೂ ಅವನ ಸಹೋದ್ಯೋಗಿ ಜೋಸೆಫ್ ಹೆನ್ರಿ ಗಿಲ್ಬರ್ಟನೂ 1856ರಲ್ಲಿ ಹಳೆಯ ಗಾವಲೊಂದನ್ನು ತುಂಡುತುಂಡಾಗಿ ವಿಭಾಗಿಸಿ, ಒಂದಕ್ಕೆ ಅಮೋನಿಯದ ಲವಣವನ್ನೂ ಮತ್ತೊಂದಕ್ಕೆ ಖನಿಜಗೊಬ್ಬರವನ್ನೂ ನೀಡುತ್ತ, ಇನ್ನೊಂದನ್ನು ಬರಿದೇ ಉಳಿಸಿದರು. ಇಳುವರಿಯನ್ನು ಅರಿಯಹೊರಟವರಿಗೆ ಎರಡು ಮೂರು ವರ್ಷಗಳಲ್ಲಿಯೇ ಸಸ್ಯಕುಲದ ಪರಿವರ್ತನೆ ಗೋಚರಿಸಿತು: ಗೊಬ್ಬರ ಕಾಣದ ನೆಲದಲ್ಲಿ ಹತ್ತಾರು ಜಾತಿಯ ಸಸ್ಯಗಳು ಕೂಡಿ ಬಾಳಿದುವು, ವರ್ಷವರ್ಷವೂ ಅಮೋನಿಯಂ ಸಲ್ಫೇಟನ್ನುಂಡ ನೆಲವಾದರೋ ಕ್ರಮೇಣ ಆಮ್ಲಮಯವಾಗಿ, ಕೆಲವೇ ಹುಲ್ಲುಗಳ ಅಧೀನವಾಗಿ, ಕೊಳೆಯದ ಹುಲ್ಲಿನ ದಪ್ಪ ಪದರವನ್ನು ಹೊದ್ದುಕೊಂಡಿತು. ಈ ಆಮ್ಲತೆಯನ್ನು ತಗ್ಗಿಸಲು 1903ರಿಂದ ಕೆಲವು ಭಾಗಗಳಿಗೆ ಸುಣ್ಣವನ್ನು ಕ್ರಮವಾಗಿ ಹಾಕಲಾಯಿತು. 1856ರಲ್ಲಿ ಆರಂಭವಾದ ಈ ಪ್ರಯೋಗ ಇಂದಿಗೂ ನಡೆಯುತ್ತಿರುವುದು ನನಗೆ ಪರಮವಿಸ್ಮಯದ ಸಂಗತಿ.

ನೆಲದ ಆಮ್ಲತೆ, ಸತ್ತ್ವಗಳಿಗೆ ಸಂಬಂಧಿಸಿದ್ದರಿಂದ ಹುಲ್ಲುಹಾಸಿನ ಹಾವಸೆಯ ವಿಚಾರವೂ ಇಲ್ಲಿಗೇ ಸೇರತಕ್ಕದ್ದು. ನಿಜವಾದ ಬೇರಿಲ್ಲದೆ, ಮೈಯಿಂದಲೇ ನೀರನ್ನು ಹೀರುವ ಈ ಸಸ್ಯವು ನೆರಳು, ತೇವ, ಆಮ್ಲ, ನಿಸ್ಸಾರತೆಗಳಿಂದ ಹುಲ್ಲು ಬಳಲಿದ ಕಡೆ ಹಬ್ಬುತ್ತದೆ. ತೋಟಗಾರರು ಅನ್ನಭೇದಿಯನ್ನೂ ಅಮೋನಿಯಂ ಸಲ್ಫೇಟನ್ನೂ ಮರಳಿನಲ್ಲಿ ಬೆರೆಸಿ ಎರಚಿ, ಕಪ್ಪಾದ ಹಾವಸೆಯನ್ನು ಕೆರೆದು ತೆಗೆಯುವುದು ರೂಢಿ. ನೀರು ಬಸಿಯದ ನೆಲವನ್ನು ಹಾಗೆಯೇ ಬಿಟ್ಟಲ್ಲಿ ಹಾವಸೆಯು ಮತ್ತೆ ಚಿಗುರುತ್ತದೆ.