ತೋಪಿನಲ್ಲಿ ದಾರಿ ತಪ್ಪಿದ ದಂಡು, ಹಳ್ಳದಲ್ಲಿ ಸಿಕ್ಕಿಕೊಂಡ ನಾವು

ಕಳೆದ ಡಿಸೆಂಬರ್‌ನಲ್ಲಿ ನಾವು ನಾಲ್ವರು ಚಾಮುಂಡಿ ಬೆಟ್ಟದ ಹಿಂಬದಿ, ಉತ್ತನಹಳ್ಳಿ ಕಡೆಯ ಗೋಮಾಳದಲ್ಲಿ ದಾರಿ ತಪ್ಪಿದೆವು. ಹೇಳಿಕೊಳ್ಳಲು ನಾಚಿಕೆಯೇ ಆಗುತ್ತದೆ. ಮೈಸೂರಿನಲ್ಲಿ ಓದಿದವರು, ಹಾಸ್ಟೆಲ್ ಮಹಡಿಯಿಂದ ದಿನಾ ಆ ಬೆಟ್ಟ ನೋಡಿದವರು ನಾವು.

ಮೊಬೈಲ್ ತೆರೆಯ ಮೇಲೆ ಒಂದು ಸಣ್ಣ ಗೆರೆ ಇತ್ತು. ಕಾಲುದಾರಿ ಅಂದುಕೊಂಡು ಅದನ್ನೇ ಹಿಡಿದೆವು. ನೀಲಿ ಚುಕ್ಕಿ ಗೆರೆಯ ಮೇಲೇ ಸಾಗುತ್ತಿತ್ತು, ಆದರೆ ಕಾಲಡಿಯಲ್ಲಿ ದಾರಿ ಇರಲಿಲ್ಲ. ಎರಡೂ ಕಡೆ ದಡ ಏರುತ್ತಾ ಹೋಯಿತು, ಲಂಟಾನ ಮುಚ್ಚಿಕೊಂಡಿತು. ಒಳಗೆ ಇಳಿದ ಮೇಲೆ ಬೆಟ್ಟವೂ ಕಾಣಲಿಲ್ಲ. ಹೊತ್ತು ಮುಳುಗುತ್ತಿತ್ತು, ಚಾರ್ಜ್ ಒಂಬತ್ತು ಪರ್ಸೆಂಟ್, ಆ ಕಡೆ ಚಿರತೆ ಓಡಾಡುವುದು ಎಲ್ಲರಿಗೂ ಗೊತ್ತು. ಆಡು ಮೇಯಿಸುತ್ತಿದ್ದ ಒಬ್ಬ ತಾತ ದಡದ ಮೇಲಿನಿಂದ ಕೂಗಿದರು: 'ಅದು ದಾರಿ ಅಲ್ಲ ಕನ್ರಪ್ಪಾ, ನೀರು ಹೋಗೋ ಹಳ್ಳ. ಹತ್ಕೊಂಡು ಈಚೆಗೆ ಬನ್ನಿ.'

ರೂಮಿಗೆ ಬಂದ ಮೇಲೆ ಟೋಪೋಶೀಟ್ ತೆಗೆದು ನೋಡಿದೆವು. ಮೈಸೂರು, ಚಾಮುಂಡಿ ಬೆಟ್ಟ ಇರುವ ಹಾಳೆಯ ಹಳೆಯ ನಂಬರ್ 57ಡಿ/11. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು ಹಾಳೆ ತುಂಬ ಇರುತ್ತವೆ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಸಪಾಟು. ಗೆರೆ ಕೊಕ್ಕಿನಂತೆ ಬಾಗಿ ಅದರ ಮೂತಿ ಬೆಟ್ಟದ ಮೇಲ್ಭಾಗಕ್ಕೆ ತಿರುಗಿದ್ದರೆ ಅದು ಹಳ್ಳ, ಕೆಳಕ್ಕೆ ತಿರುಗಿದ್ದರೆ ದಿಣ್ಣೆಯ ಏಣು. ನಾವು ಹೋದ ಜಾಗದಲ್ಲಿ ಮೂತಿಗಳೆಲ್ಲ ಮೇಲಕ್ಕೇ ಇದ್ದವು. ಬೆಳಿಗ್ಗೆಯೇ ನೋಡಿದ್ದರೆ ಆ ತಾತ ಕೂಗಬೇಕಾಗಿರಲಿಲ್ಲ.

ನಮ್ಮ ಸೀಮೆಯಲ್ಲಿ ಹೀಗೆ ದಾರಿ ತಪ್ಪಿದವರಲ್ಲಿ ನಮಗಿಂತ ದೊಡ್ಡವರೂ ಇದ್ದಾರೆ. 1799ರ ಏಪ್ರಿಲ್ 5ರ ರಾತ್ರಿ. ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಇಂಗ್ಲಿಷರ ಮುತ್ತಿಗೆ ಶುರುವಾಗಿತ್ತು. ಹತ್ತಿರದ ಸುಲ್ತಾನ್‌ಪೇಟೆ ತೋಪನ್ನು ಹಿಡಿಯಲು ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಕತ್ತಲಲ್ಲಿ ದಂಡು ನುಗ್ಗಿಸಿದ. ಹಗಲಲ್ಲಿ ಆ ಜಾಗವನ್ನು ಸರಿಯಾಗಿ ನೋಡಿರಲಿಲ್ಲ. ತೋಪಿನ ತುಂಬ ನೀರಿನ ಕಾಲುವೆಗಳು, ಒತ್ತಾದ ಮರಗಳು. ಟಿಪ್ಪುವಿನ ಸೈನಿಕರಿಗೆ ಅದು ಮನೆಯಂಗಳ. ಗುಂಡು ಹಾರತೊಡಗಿದಾಗ ದಂಡು ಚೂರುಚೂರಾಯಿತು, ಹನ್ನೆರಡು ಸೈನಿಕರು ಸೆರೆಸಿಕ್ಕರು, ಕರ್ನಲ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ವಾಪಸ್ ಬಂದ. ಮರುದಿನ ಬೆಳಕಿನಲ್ಲಿ ಅದೇ ತೋಪು ಸುಲಭವಾಗಿ ಕೈವಶವಾಯಿತು. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ವೆಲಿಂಗ್ಟನ್ ಇದೇ ಮನುಷ್ಯ. ಹಗಲಲ್ಲಿ ನೋಡದ ಜಾಗಕ್ಕೆ ರಾತ್ರಿ ನುಗ್ಗಬಾರದು ಎಂದು ಆಮೇಲೆ ಅವನೇ ಬರೆದುಕೊಂಡ.

ಅದೇ ಮುತ್ತಿಗೆಯ ದಿನಗಳಲ್ಲಿ ಇನ್ನೊಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ತನ್ನ ಬಿಡಾರಕ್ಕೆ ಮರಳುತ್ತಿತ್ತು. ಅದರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ಅವನು ಆಕಾಶ ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ, ಅಂದರೆ ನೇರ ಟಿಪ್ಪುವಿನ ಕಡೆಗೇ ಹೋಗುತ್ತಿದ್ದೇವೆ ಎಂದ. ಜನರಲ್‌ಗೆ ಈ ಮಾತು ರುಚಿಸಲಿಲ್ಲ. ದಿಕ್ಸೂಚಿ ನೋಡಿದಾಗ ನಕ್ಷತ್ರ ಹೇಳಿದ್ದೇ ಸರಿಯಾಗಿತ್ತು. ತುಕಡಿ ತಿರುಗಿ ನಡೆಯಿತು.

ಯುದ್ಧ ಮುಗಿದದ್ದೇ ತಡ, ಗೆದ್ದ ಸೀಮೆಯನ್ನು ಅಳೆಯುವ ಕೆಲಸ ಆರಂಭವಾಯಿತು. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ಮೊದಲ ಅಡಿಗೆರೆಯನ್ನು ಅಳೆದ. ಒಂದು ಗೆರೆಯ ಉದ್ದ ಗೊತ್ತಿದ್ದರೆ, ಅದರ ಎರಡು ತುದಿಗಳಿಂದ ದೂರದ ಬೆಟ್ಟದ ತುದಿಗೆ ಕೋನ ಹಿಡಿದು ಉಳಿದ ದೂರಗಳನ್ನು ಲೆಕ್ಕ ಹಾಕಬಹುದು. 1802ರ ಏಪ್ರಿಲ್ 10ರಂದು ಮದರಾಸಿನಲ್ಲಿ ಇನ್ನೊಂದು ಗೆರೆ ಶುರು ಮಾಡಿದ. ಸುಮಾರು ಏಳೂವರೆ ಮೈಲಿ ಅಳೆಯಲು 57 ದಿನ ಬೇಕಾಯಿತು. ಆ ಕೆಲಸ ಹಬ್ಬುತ್ತಾ ಹಿಮಾಲಯದವರೆಗೆ ಹೋಯಿತು.

ನಮಗೆ ಹೆಚ್ಚು ಇಷ್ಟವಾಗುವುದು ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯ ಕಥೆ. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು ಅವನು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ, ಅವರ ತೀರಿಕೆಯ ನಂತರ ತಮ್ಮ ಲಕ್ಷ್ಮಯ್ಯ, ಇಂಥವರು ಊರೂರಿಗೆ ಹೋಗಿ ವಿಚಾರಿಸಿ ಕಡತ, ಕೈಫಿಯತ್ತು, ಶಾಸನದ ಪ್ರತಿ ತಂದುಕೊಟ್ಟರು. ಉಪಕರಣ ಕೋನ ಹೇಳಬಲ್ಲದು. ಈ ಕೆರೆಯ ಹೆಸರೇನು, ಈ ಹಳ್ಳ ಯಾವ ತಿಂಗಳು ಬತ್ತುತ್ತದೆ, ಈ ಕಲ್ಲು ಯಾವ ಊರಿನ ಗಡಿ, ಇದನ್ನೆಲ್ಲ ಅಲ್ಲಿ ಬದುಕುವವರೇ ಹೇಳಬೇಕು. ಕೇಳಿ ಬರೆಸಿದ ಹೆಸರುಗಳಿಲ್ಲದಿದ್ದರೆ ನಕ್ಷೆ ಖಾಲಿ ಗೆರೆಗಳ ಹಾಳೆ. ಆದರೆ ಹೇಳಿದವರ ಹೆಸರು ಹಾಳೆಯ ಮೂಲೆಯಲ್ಲೂ ಇಲ್ಲ.

ಹಾಗಂತ ನಾವು ಮೊಬೈಲನ್ನು ಬೈಯುವವರಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ನಾಲ್ಕು ಉಪಗ್ರಹ ಸಿಕ್ಕರೆ ಸಾಕು, ನಾವು ಎಲ್ಲಿದ್ದೇವೆ ಎಂದು ಗೊತ್ತಾಗುತ್ತದೆ. ಅಮೆರಿಕ 2000ದ ಮೇ ತಿಂಗಳವರೆಗೆ ಸಾರ್ವಜನಿಕರ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು, ಆಗ ನೂರು ಮೀಟರ್ ತಪ್ಪುವುದು ಮಾಮೂಲಿ. ಈಗ ಬಯಲಲ್ಲಿ ಕೆಲವೇ ಮೀಟರ್. ನಮ್ಮ ದೇಶದ್ದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು.

ಹಳ್ಳಿಗಳಲ್ಲಿ ಬಹಳ ಜನ ತಪ್ಪು ತಿಳಿದಿರುವ ಒಂದು ವಿಷಯ: ಚುಕ್ಕಿ ಕಾಣಲು ಟವರ್ ಬೇಡ. ಚುಕ್ಕಿಯ ಹಿಂದಿನ ನಕ್ಷೆ ಇಳಿಯಲು ಮಾತ್ರ ನೆಟ್ ಬೇಕು. ಅದಕ್ಕೇ ಹೊರಡುವ ಮುಂಚೆ ಮನೆಯಲ್ಲೇ ಇಳಿಸಿಟ್ಟುಕೊಳ್ಳಿ. ಕಾಲಿಗೆ ಪೆಟ್ಟಾಗಿ ಕುಳಿತವರನ್ನು ಹುಡುಕಲು ಆ ಅಂಕಿಗಳಷ್ಟು ಸಹಾಯ ಇನ್ನಾವುದೂ ಮಾಡದು. 112ಕ್ಕೆ ಕರೆ ಮಾಡಿದಾಗ ಅವನ್ನೇ ಓದಿ ಹೇಳಬಹುದು.

ಆದರೆ ಎರಡನ್ನೂ ಹೊಂದಿಸುವಾಗ ಎಚ್ಚರ ಬೇಕು. ಹಳೆಯ ಟೋಪೋಶೀಟ್‌ಗಳ ಲೆಕ್ಕ ನಿಂತಿರುವುದು ಲ್ಯಾಂಬ್ಟನ್‌ನ ನಂತರ ಬಂದ ಜಾರ್ಜ್ ಎವರೆಸ್ಟ್ ಊಹಿಸಿದ ಭೂಮಿಯ ಆಕಾರದ ಮೇಲೆ, ಜಿಪಿಎಸ್‌ನ ಲೆಕ್ಕ ಬೇರೆ. ಮೊಬೈಲ್‌ನ ಅಂಕಿಯನ್ನು ಹಳೇ ಹಾಳೆಯ ಮೇಲೆ ಹಾಗೇ ಗುರುತು ಹಾಕಿದರೆ ನಮ್ಮ ಭಾಗದಲ್ಲಿ ನೂರು ಮೀಟರ್‌ಗಿಂತಲೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಹಳ್ಳದ ಈ ದಡವೋ ಆ ದಡವೋ ಎನ್ನುವಾಗ ನೂರು ಮೀಟರ್ ಸಣ್ಣದಲ್ಲ. ಇನ್ನೊಂದು ಮಾತು, ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾವ ನಕ್ಷೆ ಹಿಡಿದೂ ಹೋಗಬೇಡಿ.

ಆ ಸಂಜೆ ತಾತ ನಮ್ಮನ್ನು ರಸ್ತೆವರೆಗೆ ಬಿಟ್ಟರು. ದಾರಿಯಲ್ಲಿ ನಮ್ಮ ಮೊಬೈಲ್ ನೋಡಿ, 'ಇದ್ರಲ್ಲಿ ನಮ್ಮ ಜಮೀನು ಬತ್ತದಾ?' ಎಂದು ಕೇಳಿದರು. ಉಳಿದ ಚಾರ್ಜ್‌ನಲ್ಲಿ ದಿಶಾಂಕ್ ತೆರೆದೆವು, ಅವರ ಹೊಲದಲ್ಲಿ ನಿಂತು ಸರ್ವೆ ನಂಬರ್ ಓದಿ ಹೇಳಿದೆವು. ಸರಿಯಾಗಿತ್ತು. ಗಡಿ ಎಲ್ಲಿ ಎಂದು ಕೇಳಿದರು. ಗೆರೆ ಬದುವಿನ ಮೇಲೆ ಬೀಳುತ್ತಿರಲಿಲ್ಲ, ನಾಲ್ಕಾರು ಹೆಜ್ಜೆ ಆಚೆಗಿತ್ತು. ತಾತ ನಕ್ಕು, ತಂಗಡಿ ಗಿಡದ ಬುಡವನ್ನು ಕೋಲಿನಿಂದ ಸರಿಸಿ, ಅರ್ಧ ಹೂತ ಸರ್ವೆ ಕಲ್ಲನ್ನು ತೋರಿಸಿದರು.