ಎಕ್ಸ್‌ಎಸ್‌ಎಲ್‌ಟಿಯಲ್ಲಿ ಕೂಡು, ಕಳೆ, ಗುಣಿಸು: ಬಿಲ್ ಮೊತ್ತ ತಪ್ಪುವುದು ಎಲ್ಲಿ?

ಅಂಗಡಿ ಬಿಲ್, ಖಾತೆಯ ವಿವರ, ಮೀಟರ್ ರೀಡಿಂಗ್ ಇವೆಲ್ಲ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಇಂದಿಗೂ ಹಲವೆಡೆ ಎಕ್ಸ್‌ಎಂಎಲ್ ಫೈಲ್ ರೂಪದಲ್ಲೇ ಹೋಗುತ್ತವೆ. ಬೆಂಗಳೂರಿನ ಟ್ಯಾಲಿ ಕೂಡ ಎಕ್ಸ್‌ಎಂಎಲ್‌ನಲ್ಲಿ ಮಾಹಿತಿ ಕೊಡುತ್ತದೆ, ತೆಗೆದುಕೊಳ್ಳುತ್ತದೆ. ಆ ಫೈಲನ್ನು ಓದಬಲ್ಲ ಪುಟವಾಗಿಯೋ ಬೇರೊಂದು ಎಕ್ಸ್‌ಎಂಎಲ್ ಆಗಿಯೋ ಬದಲಿಸುವ ಭಾಷೆಯೇ ಎಕ್ಸ್‌ಎಸ್‌ಎಲ್‌ಟಿ. ಇದರ 1.0 ಆವೃತ್ತಿಯನ್ನು ಡಬ್ಲ್ಯು3ಸಿ ಅಂಗೀಕರಿಸಿದ್ದು 1999ರಲ್ಲಿ. 2.0 ಬಂದಿದ್ದು 2007ರಲ್ಲಿ, 3.0 ಬಂದಿದ್ದು 2017ರಲ್ಲಿ. ಇದರಲ್ಲಿ ಲೆಕ್ಕ ಹಾಕಬಹುದು, ಆದರೆ ಎಕ್ಸೆಲ್ ಹಾಳೆಯ ಅಭ್ಯಾಸ ಇಟ್ಟುಕೊಂಡು ಬಂದವರು ಮೊದಲ ದಿನವೇ ಎಡವುತ್ತಾರೆ. ತಪ್ಪಾದಾಗ ಎಲ್ಲ ಸಲವೂ ಎರರ್ ಬರುವುದಿಲ್ಲ. ತಪ್ಪು ಮೊತ್ತವೇ ಸರಿಯಾದ ಮೊತ್ತದ ಹಾಗೆ ಬಿಲ್‌ನಲ್ಲಿ ಕೂತಿರುತ್ತದೆ.

ಒಂದು ಸಣ್ಣ ಬಿಲ್ ನೋಡೋಣ. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗ್ ಹೆಸರು ಕನ್ನಡದಲ್ಲೇ ಇರಬಹುದು, ಹಾಗಾಗಿ ಕನ್ನಡದಲ್ಲೇ ಇಡೋಣ. 'ಬಿಲ್' ಒಳಗೆ ಮೂರು 'ಸಾಲು', ಪ್ರತಿ ಸಾಲಿನಲ್ಲಿ 'ಬೆಲೆ' ಮತ್ತು 'ಪ್ರಮಾಣ'. ಅಕ್ಕಿ ಕಿಲೋಗೆ 62 ರೂಪಾಯಿ, 10 ಕಿಲೋ. ತೊಗರಿಬೇಳೆ 150 ರೂಪಾಯಿ, 4 ಕಿಲೋ. ಎಣ್ಣೆ ಲೀಟರ್‌ಗೆ 140, 3 ಲೀಟರ್. ಕೈಯಲ್ಲಿ ಲೆಕ್ಕ ಹಾಕಿದರೆ 620, 600, 420, ಒಟ್ಟು 1,640 ರೂಪಾಯಿ.

(ಭಾಷೆಯ ಸ್ವಂತ ಆಜ್ಞೆಗಳನ್ನು, ಅಂದರೆ ಸಮ್, ಡಿವ್ ಮುಂತಾದವನ್ನು, ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ.)

ಒಂದೇ ಸಾಲಿನ ಒಳಗೆ ನಿಂತು 'ಬೆಲೆ * ಪ್ರಮಾಣ' ಎಂದರೆ ಸಾಕು, ಆ ಸಾಲಿನ ಮೊತ್ತ ಬರುತ್ತದೆ. ತೊಂದರೆ ಶುರುವಾಗುವುದು ಒಟ್ಟು ಮೊತ್ತ ಬೇಕೆಂದಾಗ. 1.0ರಲ್ಲಿ ಬಿಲ್ ಮಟ್ಟದಲ್ಲಿ ನಿಂತು 'ಸಾಲು/ಬೆಲೆ * ಸಾಲು/ಪ್ರಮಾಣ' ಎಂದು ಬರೆದರೆ 620 ಬರುತ್ತದೆ. ಏಕೆಂದರೆ ಹಲವು ಅಂಶಗಳಿರುವ ಕಡೆ ಸಂಖ್ಯೆ ಬೇಕಾದರೆ 1.0 ಮೊದಲನೆಯದನ್ನು ಮಾತ್ರ ತೆಗೆದುಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ. ಬೇಳೆ, ಎಣ್ಣೆ ಬಿಲ್‌ನಿಂದ ಮಾಯ! ಸರಿ, ಸಮ್ ಬಳಸೋಣ ಎಂದು 'ಸಮ್(ಸಾಲು/ಬೆಲೆ) * ಸಮ್(ಸಾಲು/ಪ್ರಮಾಣ)' ಎಂದು ಬರೆದರೆ 352ನ್ನು 17ರಿಂದ ಗುಣಿಸಿ 5,984 ಕೊಡುತ್ತದೆ. ಎರಡೂ ಸಲ ಕಂಪ್ಯೂಟರ್ ತಕರಾರು ಎತ್ತುವುದಿಲ್ಲ.

ಸರಿಯಾದ ದಾರಿ: ಮೊದಲು ಪ್ರತಿ ಸಾಲಿನಲ್ಲಿ ಗುಣಿಸು, ಆಮೇಲೆ ಕೂಡು. 2.0 ಮತ್ತು ನಂತರದ ಆವೃತ್ತಿಗಳಲ್ಲಿ ಇದು ಒಂದೇ ಸಾಲಿನ ಕೆಲಸ: 'ಸಮ್(ಸಾಲು/(ಬೆಲೆ * ಪ್ರಮಾಣ))'. ಉತ್ತರ 1,640. ಮೇಲಿನ ಮೊದಲ ತಪ್ಪನ್ನು 2.0ರಲ್ಲಿ ಮಾಡಿದರೆ ಎರರ್ ಬರುತ್ತದೆ, ಅದೇ ಒಳ್ಳೆಯದು.

1.0ರಲ್ಲಿ ಈ ಸೌಲಭ್ಯವಿಲ್ಲ. ಒಂದು ವೇರಿಯಬಲ್ ಇಟ್ಟುಕೊಂಡು ಅದಕ್ಕೆ ಸೇರಿಸುತ್ತಾ ಹೋಗೋಣ ಎಂದರೆ ಅದೂ ಆಗದು; ಎಕ್ಸ್‌ಎಸ್‌ಎಲ್‌ಟಿಯಲ್ಲಿ ವೇರಿಯಬಲ್‌ಗೆ ಒಮ್ಮೆ ಕೊಟ್ಟ ಬೆಲೆ ಬದಲಾಗುವುದಿಲ್ಲ. ಹಾಗಾಗಿ ಟೆಂಪ್ಲೇಟ್ ತನ್ನನ್ನು ತಾನೇ ಕರೆಯಬೇಕು: ಮೊದಲ ಸಾಲಿನ ಮೊತ್ತವನ್ನು ಈವರೆಗಿನ ಮೊತ್ತಕ್ಕೆ ಸೇರಿಸಿ, ಉಳಿದ ಸಾಲುಗಳನ್ನೂ ಹೊಸ ಮೊತ್ತವನ್ನೂ ಮತ್ತೆ ಅದೇ ಟೆಂಪ್ಲೇಟ್‌ಗೆ ದಾಟಿಸಬೇಕು. ಸಾಲು ಮುಗಿದಾಗ ಮೊತ್ತವನ್ನು ಬರೆಯಬೇಕು. ಸಾವಿರಾರು ಸಾಲುಗಳಿದ್ದರೆ ಕೆಲವು ಪ್ರೊಸೆಸರ್‌ಗಳು ಮಧ್ಯದಲ್ಲೇ ಕೈಚೆಲ್ಲುತ್ತವೆ. ಆಗ ಗುಣಲಬ್ಧಗಳನ್ನೆಲ್ಲ ಮೊದಲು ತಾತ್ಕಾಲಿಕ ಪಟ್ಟಿಯಾಗಿ ಮಾಡಿ, ನೋಡ್-ಸೆಟ್ ಎಂಬ ಹೆಚ್ಚುವರಿ ಸೌಲಭ್ಯದಿಂದ ಕೂಡುವುದು ಮೇಲು.

ಬೆಲೆ ಒಂದು ಕಡೆ, ಪ್ರಮಾಣ ಇನ್ನೊಂದು ಕಡೆ ಇದ್ದರೆ? ಬಿಲ್‌ನಲ್ಲಿ ವಸ್ತುವಿನ ಕೋಡ್ ಮಾತ್ರ ಇದ್ದು, ದರಪಟ್ಟಿ ಫೈಲ್‌ನ ಕೊನೆಯಲ್ಲಿರುವುದು ಸಾಮಾನ್ಯ. ಅದಕ್ಕೆ 'ಕೀ' ಇದೆ. ದರಪಟ್ಟಿಗೆ ಕೋಡ್ ಆಧಾರದ ಮೇಲೆ ಕೀ ಮಾಡಿಟ್ಟರೆ, ಪ್ರತಿ ಸಾಲಿನಲ್ಲೂ ಆ ಕೋಡ್ ಕೊಟ್ಟು ದರ ತಂದು ಗುಣಿಸಬಹುದು. ಮೀಟರ್ ರೀಡಿಂಗ್‌ನಂಥ ಲೆಕ್ಕದಲ್ಲಿ ಈ ತಿಂಗಳದ್ದರಿಂದ ಹಿಂದಿನ ತಿಂಗಳದ್ದನ್ನು ಕಳೆಯಬೇಕು. ಅಲ್ಲಿ ಪ್ರಿಸೀಡಿಂಗ್-ಸಿಬ್ಲಿಂಗ್ ಬಳಸಿ ಪಕ್ಕದಲ್ಲಿ [1] ಹಾಕಿ. ಈ ದಿಕ್ಕಿನಲ್ಲಿ ಎಣಿಕೆ ಹಿಂದಕ್ಕೆ ಹೋಗುವುದರಿಂದ 1 ಎಂದರೆ ತೀರಾ ಹತ್ತಿರದ್ದು. [1] ಮರೆತರೆ 1.0 ಫೈಲ್‌ನ ಮೊಟ್ಟಮೊದಲ ರೀಡಿಂಗನ್ನೇ ಕಳೆದುಬಿಡುತ್ತದೆ.

ಕಳೆಯುವ ಚಿಹ್ನೆಯ ಎರಡೂ ಬದಿ ಜಾಗ ಬಿಡಿ. 'ಬೆಲೆ-ರಿಯಾಯಿತಿ' ಎಂದು ಅಂಟಿಸಿ ಬರೆದರೆ ಅದು ಒಂದೇ ಟ್ಯಾಗ್‌ನ ಹೆಸರಾಗುತ್ತದೆ. ಭಾಗಾಕಾರಕ್ಕೆ ಓರೆಗೆರೆ ನಡೆಯದು, ಅದು ದಾರಿ ತೋರಿಸುವ ಚಿಹ್ನೆ. ಶೇ. 18 ಜಿಎಸ್‌ಟಿ ಬೇಕಾದರೆ 'ಬೆಲೆ * 18 ಡಿವ್ 100'.

ಖಾಲಿ ಬಿಟ್ಟ ಜಾಗ ಇನ್ನೂ ದೊಡ್ಡ ಅಪಾಯ. 1.0ರಲ್ಲಿ ಒಂದು ಬೆಲೆ ಖಾಲಿಯಿದ್ದರೆ, ಅಥವಾ ಯಾರೋ '1,250' ಎಂದು ಅಲ್ಪವಿರಾಮ ಸಮೇತ ಬರೆದಿದ್ದರೆ, ಇಡೀ ಮೊತ್ತ 'ಎನ್‌ಎಎನ್', ಅಂದರೆ 'ಸಂಖ್ಯೆಯಲ್ಲ' ಎಂದಾಗುತ್ತದೆ. ನೋಡಲು ಕೆಟ್ಟದಾಗಿದ್ದರೂ ತಪ್ಪಾದದ್ದು ಗೊತ್ತಾಗುತ್ತದೆ. 2.0ರಲ್ಲಿ ಖಾಲಿ ಟ್ಯಾಗ್ ಎರರ್ ಕೊಡುತ್ತದೆ, ಆದರೆ 'ಪ್ರಮಾಣ' ಟ್ಯಾಗೇ ಇಲ್ಲದಿದ್ದರೆ ಆ ಸಾಲು ಸದ್ದಿಲ್ಲದೆ ಲೆಕ್ಕದಿಂದ ಜಾರಿಹೋಗಿ ಮೊತ್ತ ಕಡಿಮೆಯಾಗುತ್ತದೆ. ಆದ್ದರಿಂದ ಕೂಡುವ ಮೊದಲು, ಬೆಲೆಯೋ ಪ್ರಮಾಣವೋ ಇಲ್ಲದ ಸಾಲುಗಳು ಎಷ್ಟಿವೆ ಎಂದು ಎಣಿಸಿ ನೋಡಿ. ಅಲ್ಪವಿರಾಮವನ್ನು ಟ್ರಾನ್ಸ್‌ಲೇಟ್ ಮೂಲಕ ತೆಗೆದುಹಾಕಬಹುದು.

ಪೈಸೆಯ ವಿಷಯ ಬೇರೆ. 1.0ರ ಎಲ್ಲ ಸಂಖ್ಯೆಗಳೂ ಕಂಪ್ಯೂಟರ್‌ನ ದ್ವಿಮಾನ ದಶಾಂಶಗಳು, 0.1 ಮತ್ತು 0.2 ಕೂಡಿದರೆ ನಿಖರವಾಗಿ 0.3 ಆಗುವುದಿಲ್ಲ. 2.0ರಲ್ಲಿ ಡೆಸಿಮಲ್ ಎಂಬ ನಿಖರ ಬಗೆ ಇದೆ, ಆದರೆ ನೀವೇ ಕೇಳಬೇಕು. ಕೇಳದಿದ್ದರೆ ಹಳೆಯ ರೀತಿಯಲ್ಲೇ ಲೆಕ್ಕ ನಡೆಯುತ್ತದೆ.

ಕೊನೆಗೆ ತೋರಿಸುವಾಗ ಫಾರ್ಮ್ಯಾಟ್-ನಂಬರ್ ಬಳಸುತ್ತೇವೆ. '#,##,##,##0.00' ಎಂದು ಕೊಟ್ಟರೆ 2.0 ನಮ್ಮ ಲಕ್ಷ, ಕೋಟಿ ಪದ್ಧತಿಯಲ್ಲಿ 1,25,000.00 ಎಂದು ಬರೆಯುತ್ತದೆ. 1.0ರ ನಿಯಮ ಹಳೆಯ ಜಾವಾದಿಂದ ಬಂದದ್ದು, ಅದು ಕೊನೆಯ ಅಲ್ಪವಿರಾಮದ ಅಂತರವನ್ನೇ ಎಲ್ಲೆಡೆ ಬಳಸುವುದರಿಂದ 125,000.00 ಎಂದೇ ಬರುತ್ತದೆ. ಬ್ರೌಸರ್‌ಗಳ ಒಳಗಿರುವುದೂ ಈ 1.0 ಮಾತ್ರ, ಅದನ್ನೂ ತೆಗೆದುಹಾಕುವ ಯೋಜನೆಯನ್ನು ಕ್ರೋಮ್ ತಂಡ 2025ರಲ್ಲಿ ಪ್ರಕಟಿಸಿದೆ. ಹೊಸದಾಗಿ ಶುರು ಮಾಡುವವರು ಸ್ಯಾಕ್ಸನ್‌ನಂಥ 3.0 ಪ್ರೊಸೆಸರ್ ಅನ್ನು ಸರ್ವರ್‌ನಲ್ಲಿ ಹಾಕಿಕೊಳ್ಳುವುದು ವಾಸಿ.